ಓದುಗರ ಪ್ರಶ್ನೆ – ತಜ್ಞರ ಉತ್ತರ: ಕಂಟಿನ್ಯುಯಸ್ ಬೀಮಿನ ರಿಯಾಕ್ಷನ್ ಲೆಕ್ಕ

ಎರಡಕ್ಕಿಂತ ಹೆಚ್ಚು ಸಪೋರ್ಟುಗಳ ಮೇಲೆ ಮುರಿಯದೆ ಹಾಯ್ದುಹೋಗುವ ಬೀಮು (ಕಂಟಿನ್ಯುಯಸ್ ಬೀಮು) ಯಾವ ಸಪೋರ್ಟಿಗೆ ಎಷ್ಟು ಭಾರ ಇಳಿಸುತ್ತದೆ, ಅಂದರೆ ಅಲ್ಲಿನ ರಿಯಾಕ್ಷನ್ ಎಷ್ಟು ಎಂಬುದರ ಸುತ್ತಲೇ ಈ ಬಾರಿಯ ಪ್ರಶ್ನೆಗಳು ಬಂದಿವೆ. ಸಾಧ್ಯವಾದಲ್ಲೆಲ್ಲ ಒಂದೇ ಬೀಮನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಸಪೋರ್ಟುಗಳು ಎ, ಬಿ, ಸಿ. ಎ–ಬಿ ಸ್ಪ್ಯಾನ್ (ಎರಡು ಸಪೋರ್ಟುಗಳ ನಡುವಿನ ಭಾಗ) 6 ಮೀಟರ್, ಬಿ–ಸಿ ಸ್ಪ್ಯಾನ್ 4 ಮೀಟರ್. ಉದ್ದಕ್ಕೂ ಒಂದೇ ಸೆಕ್ಷನ್, ಮೀಟರಿಗೆ 20 ಕಿಲೋನ್ಯೂಟನ್ ಸಮನಾಗಿ ಹರಡಿದ ಭಾರ. ಪೆನ್ನು, ಕಾಗದ ಹಿಡಿದು ಜೊತೆಗೇ ಲೆಕ್ಕ ಹಾಕುತ್ತ ಓದಿ.

ಪ್ರಶ್ನೆ: ಪ್ರತಿ ಸ್ಪ್ಯಾನಿನ ಅರ್ಧ ಭಾರ ಆಚೆ ಸಪೋರ್ಟಿಗೆ, ಅರ್ಧ ಈಚೆ ಸಪೋರ್ಟಿಗೆ ಎಂದು ಹಂಚಿ ಕಾಲಮ್ ಲೋಡ್ ತೆಗೆಯುತ್ತೇವೆ. ಕಂಟಿನ್ಯುಯಸ್ ಬೀಮಿಗೆ ಇದು ನಡೆಯುವುದಿಲ್ಲವೇ? ವ್ಯತ್ಯಾಸ ಬಂದರೂ ಎಷ್ಟು ಬಂದೀತು?

ಉತ್ತರ: ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಬರುತ್ತದೆ. ಅರ್ಧರ್ಧ ಹಂಚಿದರೆ ಎ ಗೆ 60, ಬಿ ಗೆ 100, ಸಿ ಗೆ 40 ಕಿಲೋನ್ಯೂಟನ್. ಈಗ ಸರಿಯಾದ ಲೆಕ್ಕ ನೋಡೋಣ. ಫ್ರೆಂಚ್ ಎಂಜಿನಿಯರ್ ಕ್ಲಾಪೇರಾನ್ 1857ರಲ್ಲಿ ಪ್ರಕಟಿಸಿದ ಮೂರು ಮೊಮೆಂಟುಗಳ (ಮೊಮೆಂಟ್ ಎಂದರೆ ಬೀಮನ್ನು ಬಾಗಿಸುವ ಪರಿಣಾಮ, ಬಲ ಗುಣಿಸು ದೂರ) ಸಮೀಕರಣವನ್ನು ಇಲ್ಲಿ ಬಳಸಬಹುದು. ಎರಡೂ ತುದಿಗಳು ಸುಮ್ಮನೆ ಕೂತಿರುವುದರಿಂದ ಅಲ್ಲಿ ಮೊಮೆಂಟ್ ಸೊನ್ನೆ, ಉಳಿಯುವುದು ಬಿ ಮೇಲಿನ ಹಾಗಿಂಗ್ (ಬೀಮನ್ನು ಕಮಾನಿನಂತೆ ಮೇಲುಬ್ಬಿಸುವ) ಮೊಮೆಂಟ್ ಒಂದೇ. ಸ್ಪ್ಯಾನುಗಳ ಮೊತ್ತದ ಎರಡರಷ್ಟನ್ನು ಆ ಮೊಮೆಂಟಿನಿಂದ ಗುಣಿಸಿದರೆ ಸಿಗುವುದು, ಪ್ರತಿ ಸ್ಪ್ಯಾನಿನ ಭಾರ ಗುಣಿಸು ಉದ್ದದ ಘನ ಭಾಗಿಸು 4, ಇವುಗಳ ಮೊತ್ತಕ್ಕೆ ಸಮ. ಅಂದರೆ,

2 × (6 + 4) × ಮೊಮೆಂಟ್ = 20 × 216 ÷ 4 + 20 × 64 ÷ 4 = 1080 + 320 = 1400

ಮೊಮೆಂಟ್ 70 ಕಿಲೋನ್ಯೂಟನ್-ಮೀಟರ್. ಈ ಮೊಮೆಂಟನ್ನು ಸ್ಪ್ಯಾನಿನಿಂದ ಭಾಗಿಸಿ, ಬಂದದ್ದನ್ನು ಹೊರತುದಿಯ ಅರ್ಧಭಾರದಿಂದ ಕಳೆಯಿರಿ, ಬಿ ಕಡೆಯ ಅರ್ಧಭಾರಕ್ಕೆ ಕೂಡಿಸಿ. ಎ ನಲ್ಲಿ 60 − 70 ÷ 6 = 48.33. ಬಿ ಯ ಎಡಕ್ಕೆ 71.67, ಬಲಕ್ಕೆ 40 + 70 ÷ 4 = 57.5, ಒಟ್ಟು 129.17. ಸಿ ನಲ್ಲಿ 40 − 17.5 = 22.5.

ನೀವು 100 ಅಂದುಕೊಂಡ ಕಾಲಮಿಗೆ 129 ಬಂತು. ಒಂದು ಮಹಡಿಗೆ 29 ಕಿಲೋನ್ಯೂಟನ್ ಕಡಿಮೆ ಬಿದ್ದರೆ ಇದೇ ಬೀಮು ನಾಲ್ಕು ಮಹಡಿಯಲ್ಲೂ ಇರುವ ಕಟ್ಟಡದ ಫುಟಿಂಗಿನಲ್ಲಿ (ಕಾಲಮಿನ ತಳಪಾಯದಲ್ಲಿ) ಸುಮಾರು 117 ಕಿಲೋನ್ಯೂಟನ್ ಲೆಕ್ಕ ತಪ್ಪುತ್ತದೆ. ತಪ್ಪು ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಬೀಳುತ್ತದೆ: ತುದಿಯಿಂದ ಎರಡನೆಯ ಕಾಲಮಿಗೆ ಕಡಿಮೆ, ತುದಿಯದಕ್ಕೆ ಹೆಚ್ಚು. ಸ್ಪ್ಯಾನುಗಳು ಸಮನಾಗಿದ್ದಾಗಲೂ ಹೀಗೆಯೇ. ಎರಡು ಸಮ ಸ್ಪ್ಯಾನಿದ್ದರೆ ರಿಯಾಕ್ಷನ್ನುಗಳು ಒಂದು ಸ್ಪ್ಯಾನಿನ ಒಟ್ಟು ಭಾರದ 0.375, 1.25, 0.375 ಪಾಲು. ಮೂರಿದ್ದರೆ 0.4, 1.1, 1.1, 0.4. ಅಂದಾಜು ನಕ್ಷೆಯ ಹಂತದಲ್ಲಿ ಅರ್ಧರ್ಧ ಹಂಚಿಕೆ ಸಾಕು. ಫುಟಿಂಗಿನ ಅಳತೆ ನಿಗದಿ ಮಾಡುವ ಹಂತಕ್ಕೆ ಬಂದಾಗ ಅದನ್ನು ಬಿಟ್ಟುಬಿಡಿ.

ಪ್ರಶ್ನೆ: ನಾನು ಮೊಮೆಂಟ್ ಡಿಸ್ಟ್ರಿಬ್ಯೂಷನ್ ವಿಧಾನ ಬಳಸುತ್ತೇನೆ. ಇಂಥ ಎರಡು ಸ್ಪ್ಯಾನಿನ ಬೀಮಿಗೂ ನಾಲ್ಕೈದು ಸುತ್ತು ಹಾಕಬೇಕಾಗುತ್ತದೆ. ಬೇಗ ಮುಗಿಸುವ ದಾರಿ ಇದೆಯೇ?

ಉತ್ತರ: ಇದೆ. ಅಮೆರಿಕದ ಎಂಜಿನಿಯರ್ ಹಾರ್ಡಿ ಕ್ರಾಸ್ 1930ರಲ್ಲಿ ಮುಂದಿಟ್ಟ ಈ ವಿಧಾನದಲ್ಲಿ, ಆಚೆ ತುದಿ ಹಿಂಜ್ (ಅಡ್ಡಿಯಿಲ್ಲದೆ ತಿರುಗುವಂಥದ್ದು) ಆಗಿರುವ ಸ್ಪ್ಯಾನಿಗೆ ಸ್ಟಿಫ್‌ನೆಸ್ಸನ್ನು (ತುದಿಯನ್ನು ತಿರುಗಿಸುವುದಕ್ಕೆ ಬೀಮು ತೋರುವ ಬಿಗಿತ) 4 ÷ ಉದ್ದದ ಬದಲು 3 ÷ ಉದ್ದ ಎಂದು ಹಿಡಿಯಿರಿ. ಫಿಕ್ಸೆಡ್ ಎಂಡ್ ಮೊಮೆಂಟನ್ನು (ತುದಿ ತಿರುಗದಂತೆ ಹಿಡಿದಾಗ ಅಲ್ಲಿ ಹುಟ್ಟುವ ಮೊಮೆಂಟ್) ಉದ್ದದ ವರ್ಗ ಗುಣಿಸು ಭಾರ ಭಾಗಿಸು 12 ರ ಬದಲು ಭಾಗಿಸು 8 ಎಂದು ತೆಗೆದುಕೊಳ್ಳಿ. ಆಗ ತುದಿಗೆ ಕ್ಯಾರಿ ಓವರ್ ಮಾಡುವ (ಹಂಚಿದ ಮೊಮೆಂಟಿನ ಅರ್ಧವನ್ನು ಆಚೆ ತುದಿಗೆ ಒಯ್ಯುವ) ಕೆಲಸವೇ ಇಲ್ಲ. ನಮ್ಮ ಬೀಮಿನಲ್ಲಿ ಸ್ಟಿಫ್‌ನೆಸ್ 3 ÷ 6 = 0.5 ಮತ್ತು 3 ÷ 4 = 0.75, ಹಂಚಿಕೆ 0.4 ಮತ್ತು 0.6. ಮೊಮೆಂಟುಗಳು 90 ಮತ್ತು 40, ವ್ಯತ್ಯಾಸ 50. ಅದರಲ್ಲಿ 20 ಅನ್ನು 90 ರಿಂದ ಕಳೆಯಿರಿ, 30 ಅನ್ನು 40 ಕ್ಕೆ ಕೂಡಿಸಿ. ಎರಡೂ ಕಡೆ 70. ಒಂದೇ ಸುತ್ತು.

ಈ ಅದಲುಬದಲಿನಲ್ಲಿ ಹೆಚ್ಚಿನವರು ಎಡವುವುದು ಅರ್ಧ ಬದಲಾಯಿಸಿದಾಗ: ಸ್ಟಿಫ್‌ನೆಸ್ 3 ಹಿಡಿದು ಮೊಮೆಂಟನ್ನು 12 ರಿಂದಲೇ ಭಾಗಿಸುತ್ತಾರೆ. ಬದಲಾಯಿಸಿದರೆ ಎರಡನ್ನೂ ಬದಲಾಯಿಸಬೇಕು.

ಪ್ರಶ್ನೆ: ರಿಯಾಕ್ಷನ್ನುಗಳ ಮೊತ್ತ ಒಟ್ಟು ಭಾರಕ್ಕೆ ತಾಳೆಯಾಯಿತು, ಎ ಸುತ್ತ ಮೊಮೆಂಟ್ ತೆಗೆದರೂ ತಾಳೆಯಾಯಿತು. ಆದರೂ ಪರಿಶೀಲಿಸಿದವರು ಉತ್ತರ ತಪ್ಪು ಅಂದರು. ಇದು ಹೇಗೆ ಸಾಧ್ಯ?

ಉತ್ತರ: ಸಾಧ್ಯ, ಮತ್ತು ಈ ಸಂಚಿಕೆಯಲ್ಲಿ ಎಲ್ಲರೂ ನಿಧಾನವಾಗಿ ಓದಬೇಕಾದ ಪ್ರಶ್ನೆ ಇದು. ನಮ್ಮ ಬೀಮಿನಲ್ಲಿ ಯಾರೋ ಲೆಕ್ಕ ತಪ್ಪಿ ಬಿ ಮೊಮೆಂಟನ್ನು 70 ರ ಬದಲು 50 ಅಂದುಕೊಂಡರು ಎನ್ನಿ. ಆಗ ಎ 51.67, ಬಿ 120.83, ಸಿ 27.5. ಕೂಡಿಸಿ ನೋಡಿ: 200. ಎ ಸುತ್ತ ಮೊಮೆಂಟ್ ತೆಗೆಯಿರಿ: 120.83 × 6 + 27.5 × 10 = 1000. ಭಾರದ ಮೊಮೆಂಟೂ 200 × 5 = 1000. ಎರಡೂ ಪರೀಕ್ಷೆ ಪಾಸು, ಉತ್ತರ ಮಾತ್ರ ತಪ್ಪು.

ಬಿ ಮೊಮೆಂಟನ್ನು ಎಷ್ಟೇ ಹಿಡಿದರೂ ಅದರಿಂದ ಹುಟ್ಟುವ ರಿಯಾಕ್ಷನ್ನುಗಳು ಸಮತೋಲವನ್ನು ಪಾಲಿಸಿಯೇ ಪಾಲಿಸುತ್ತವೆ. ಒಂದು ಸ್ಪ್ಯಾನಿನಲ್ಲಿ ಎಷ್ಟು ಕಳೆದೆವೋ ಅಷ್ಟನ್ನೇ ಇನ್ನೊಂದು ತುದಿಗೆ ಕೂಡಿಸಿರುತ್ತೇವೆ. ಸಮತೋಲದ ಪರೀಕ್ಷೆ ಕೂಡುವ ಕಳೆಯುವ ತಪ್ಪನ್ನು ಹಿಡಿಯುತ್ತದೆ, ಮೊಮೆಂಟಿನ ತಪ್ಪನ್ನು ಹಿಡಿಯುವುದಿಲ್ಲ. ಕಂಟಿನ್ಯುಯಸ್ ಬೀಮಿನ ರಿಯಾಕ್ಷನ್ ತೀರ್ಮಾನವಾಗುವುದು ಬೀಮು ಬಾಗುವ ರೀತಿಯಿಂದ. ಆದ್ದರಿಂದ ಪರೀಕ್ಷೆಯೂ ಅಲ್ಲೇ ಆಗಬೇಕು.

ಬಿ ಮೇಲೆ ಬೀಮು ಮುರಿದಿಲ್ಲ, ಹಾಗಾಗಿ ಎಡ ಸ್ಪ್ಯಾನು ಅಲ್ಲಿ ಎಷ್ಟು ಓರೆಯಾಗುತ್ತದೋ ಬಲ ಸ್ಪ್ಯಾನೂ ಅಷ್ಟೇ ಓರೆಯಾಗಬೇಕು. ಪ್ರತಿ ಸ್ಪ್ಯಾನಿಗೆ ಭಾರ × ಉದ್ದದ ಘನ ÷ 24 ಬರೆದು, ಅದರಿಂದ ಮೊಮೆಂಟ್ × ಉದ್ದ ÷ 3 ಕಳೆಯಿರಿ. ಎರಡು ಸ್ಪ್ಯಾನಿನ ಉತ್ತರಗಳ ಮೊತ್ತ ಸೊನ್ನೆ ಬರಬೇಕು. 70 ಇಟ್ಟರೆ ಎಡಕ್ಕೆ 180 − 140 = 40, ಬಲಕ್ಕೆ 53.33 − 93.33 = −40. ಮೊತ್ತ ಸೊನ್ನೆ. 50 ಇಟ್ಟರೆ ಎಡಕ್ಕೆ 80, ಬಲಕ್ಕೆ −13.33, ಮೊತ್ತ 66.67. ಅಲ್ಲಿಗೆ ತಪ್ಪು ಸಿಕ್ಕಿಬಿತ್ತು. ಎರಡು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ. ಸ್ಪ್ಯಾನುಗಳ ಸೆಕ್ಷನ್ ಬೇರೆಬೇರೆ ಇದ್ದರೆ ಪ್ರತಿ ಸ್ಪ್ಯಾನಿನ ಉತ್ತರವನ್ನು ಅದರದರ ಮೊಮೆಂಟ್ ಆಫ್ ಇನರ್ಷಿಯಾದಿಂದ (ಸೆಕ್ಷನ್ನಿನ ಆಕಾರ ಬಾಗುವುದನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಭಾಗಿಸಿದ ಮೇಲೆ ಕೂಡಿಸಬೇಕು.

ಪ್ರಶ್ನೆ: ಎಲ್ಲ ಸ್ಪ್ಯಾನುಗಳ ಮೇಲೂ ಪೂರ್ತಿ ಭಾರ ಹಾಕಿದರೆ ಎಲ್ಲ ಸಪೋರ್ಟುಗಳಿಗೂ ಗರಿಷ್ಠ ರಿಯಾಕ್ಷನ್ ಸಿಕ್ಕಿತಲ್ಲ? ಲೈವ್ ಲೋಡನ್ನು (ಜನ, ಸಾಮಾನಿನಂಥ ಬಂದುಹೋಗುವ ಭಾರ) ಒಂದೊಂದು ಸ್ಪ್ಯಾನಿಗೆ ಬೇರೆಬೇರೆ ಹಾಕಿ ನೋಡಬೇಕು ಅನ್ನುವುದು ಏಕೆ?

ಉತ್ತರ: ಒಂದು ಸ್ಪ್ಯಾನಿನ ಭಾರ ಪಕ್ಕದ ಸ್ಪ್ಯಾನಿನ ಆಚೆ ತುದಿಯನ್ನು ಮೇಲಕ್ಕೆ ಎತ್ತಲು ನೋಡುತ್ತದೆ. ಎಲ್ಲ ಸ್ಪ್ಯಾನಿಗೂ ಭಾರ ಹಾಕಿದಾಗ ಈ ಎತ್ತುವಿಕೆ ಅಲ್ಲಿನ ಇಳಿಭಾರದಲ್ಲಿ ಸ್ವಲ್ಪವನ್ನು ಕಳೆದುಬಿಡುತ್ತದೆ. ನಮ್ಮ 20 ರಲ್ಲಿ 12 ಡೆಡ್ ಲೋಡ್ (ಕಟ್ಟಡದ್ದೇ ಆದ ಸ್ಥಿರ ಭಾರ), 8 ಲೈವ್ ಲೋಡ್ ಎಂದುಕೊಳ್ಳಿ.

ಡೆಡ್ ಲೋಡ್ ಮಾತ್ರ ಇದ್ದಾಗ: ಎ 29, ಬಿ 77.5, ಸಿ 13.5.
ಲೈವ್ ಲೋಡ್ ಎ–ಬಿ ಮೇಲೆ ಮಾತ್ರ: ಎ 20.4, ಬಿ 33, ಸಿ −5.4.
ಲೈವ್ ಲೋಡ್ ಬಿ–ಸಿ ಮೇಲೆ ಮಾತ್ರ: ಎ −1.07, ಬಿ 18.67, ಸಿ 14.4.

ಈಗ ಒಂದೊಂದು ಸಪೋರ್ಟಿಗೂ ಕೆಟ್ಟ ಜೋಡಣೆ ಆರಿಸಿ. ಬಿ ಗೆ ಎರಡೂ ಸ್ಪ್ಯಾನ್ ತುಂಬಿದಾಗಲೇ ಹೆಚ್ಚು, 129.17. ಸಿ ಗೆ ಹಾಗಲ್ಲ: ಬಿ–ಸಿ ಮಾತ್ರ ತುಂಬಿ ಎ–ಬಿ ಖಾಲಿ ಇದ್ದಾಗ 13.5 + 14.4 = 27.9. ಎಲ್ಲೆಡೆ ಭಾರ ಹಾಕಿ ತೆಗೆದ 22.5 ಕ್ಕಿಂತ ಇದು ಸುಮಾರು ಕಾಲು ಪಾಲು ಹೆಚ್ಚು. ಕನಿಷ್ಠವೂ ಬೇಕು: 13.5 − 5.4 = 8.1. ತಳದ ಪ್ಲೇಟು, ಬೇರಿಂಗ್, ಗೋಡೆಯ ಮೇಲಿನ ಕೂರಿಕೆ ಇವುಗಳಿಗೆ ಗರಿಷ್ಠ ಎಷ್ಟು ಮುಖ್ಯವೋ ಕನಿಷ್ಠವೂ ಅಷ್ಟೇ ಮುಖ್ಯ.

ಹೆಚ್ಚು ಸ್ಪ್ಯಾನುಗಳಿದ್ದರೆ ನಿಯಮ ಸರಳ. ಒಳಗಿನ ಸಪೋರ್ಟಿಗೆ ಗರಿಷ್ಠ ಬೇಕಾದರೆ ಅದರ ಎರಡೂ ಮಗ್ಗುಲ ಸ್ಪ್ಯಾನುಗಳನ್ನು ತುಂಬಿ, ಅಲ್ಲಿಂದಾಚೆ ಒಂದು ಬಿಟ್ಟು ಒಂದು ತುಂಬಿ. ತುದಿಯ ಸಪೋರ್ಟಿಗೆ ತುದಿಯ ಸ್ಪ್ಯಾನಿನಿಂದ ಶುರುಮಾಡಿ ಒಂದು ಬಿಟ್ಟು ಒಂದು.

ಪ್ರಶ್ನೆ: ನನ್ನ ಲೆಕ್ಕದಲ್ಲಿ ಸಿ ರಿಯಾಕ್ಷನ್ ಮೈನಸ್ ಬಂದಿದೆ. ಎ–ಬಿ 6 ಮೀಟರ್, ಬಿ–ಸಿ 2.5 ಮೀಟರ್, ಮೀಟರಿಗೆ 12 ಡೆಡ್ ಲೋಡ್, 8 ಲೈವ್ ಲೋಡ್. ಚಿಹ್ನೆ ಎಲ್ಲೋ ತಪ್ಪಿದೆಯೇ?

ಉತ್ತರ: ತಪ್ಪಿಲ್ಲ. ನಿಮ್ಮ ಬೀಮು ಡೆಡ್ ಲೋಡಿನಲ್ಲೇ ಸಿ ಯಿಂದ ಮೇಲೇಳುತ್ತದೆ: 15 − 40.875 ÷ 2.5 = −1.35. ಎ–ಬಿ ಮೇಲೆ ಲೈವ್ ಲೋಡ್ ಬಂದಾಗ ಇನ್ನೂ 10.17 ಸೇರಿ ಒಟ್ಟು 11.5 ಕಿಲೋನ್ಯೂಟನ್ ಎತ್ತುಬಲ. ಎರಡೂ ಸ್ಪ್ಯಾನಿನ ಮೇಲೆ ಒಂದೇ ಪ್ರಮಾಣದ ಭಾರವಿದ್ದಾಗ ಚಿಕ್ಕ ಸ್ಪ್ಯಾನು ದೊಡ್ಡದರ 0.434 ಪಾಲಿಗಿಂತ ಚಿಕ್ಕದಾದರೆ ತುದಿ ಎದ್ದೇ ಏಳುತ್ತದೆ. 6 ಮೀಟರಿಗೆ ಆ ಗಡಿ 2.6 ಮೀಟರ್. ನೀವು ಅದರ ಕೆಳಗಿದ್ದೀರಿ.

ದಾರಿಗಳು ಮೂರು. ಸಿ ಯನ್ನು ಹಿಡಿದಿಡುವಷ್ಟು ಸ್ಥಿರವಾದ ಭಾರ ಅದರ ಮೇಲಿರಬೇಕು, ಇಲ್ಲವೇ ಆಂಕರ್ ಬೋಲ್ಟ್ ಅಥವಾ ಕಾಲಮಿನೊಳಕ್ಕೆ ಪೂರ್ತಿ ಇಳಿದ ಕಂಬಿಯಿಂದ ಎತ್ತುಬಲವನ್ನು ಕೆಳಕ್ಕೆ ಕಟ್ಟಬೇಕು, ಇಲ್ಲವೇ ಬಿ ಮೇಲೆ ಬೀಮನ್ನು ತುಂಡರಿಸಿ ಎರಡು ಬಿಡಿ ಬೀಮುಗಳನ್ನಾಗಿ ಮಾಡಬೇಕು. ಫ್ಯಾಕ್ಟರ್ (ಸುರಕ್ಷತೆಗಾಗಿ ಭಾರವನ್ನು ಗುಣಿಸುವ ಸಂಖ್ಯೆ) ಹಾಕುವಾಗ ಬಿ–ಸಿ ಮೇಲಿನ ಡೆಡ್ ಲೋಡ್ ನಿಮಗೆ ಸಹಾಯ ಮಾಡುತ್ತಿದೆ, ಎ–ಬಿ ಮೇಲಿನದು ವಿರುದ್ಧ ಕೆಲಸ ಮಾಡುತ್ತಿದೆ ಎಂಬುದು ನೆನಪಿರಲಿ. ಸಹಾಯ ಮಾಡುವ ಭಾರಕ್ಕೆ ಹೆಚ್ಚಿನ ಫ್ಯಾಕ್ಟರ್ ಹಾಕಬಾರದು. ಕಾಂಕ್ರೀಟ್ ಬೀಮಾದರೆ ಇನ್ನೊಂದು ಮಾತು: ಸಿ ಮೇಲೇಳುವ ಸ್ಥಿತಿಯಲ್ಲಿ ಬಿ–ಸಿ ಸ್ಪ್ಯಾನಿನ ಉದ್ದಕ್ಕೂ ಹಾಗಿಂಗ್ ಮೊಮೆಂಟೇ ಇರುತ್ತದೆ. ಮೇಲಿನ ಕಂಬಿಗಳನ್ನು ಸ್ಪ್ಯಾನಿನ ಕಾಲು ಭಾಗಕ್ಕೋ ಮೂರನೇ ಒಂದು ಭಾಗಕ್ಕೋ ಕತ್ತರಿಸುವ ಅಭ್ಯಾಸ ಇಲ್ಲಿ ಅಪಾಯ, ಸಿ ವರೆಗೂ ಒಯ್ಯಿರಿ.

ಪ್ರಶ್ನೆ: ಕೈ ಲೆಕ್ಕಕ್ಕೂ ಸಾಫ್ಟ್‌ವೇರಿಗೂ ತಾಳೆಯಾಗುತ್ತಿಲ್ಲ. ಯಾವುದನ್ನು ನಂಬಲಿ?

ಉತ್ತರ: ಎರಡೂ ಒಂದೇ ಬೀಮನ್ನು ಲೆಕ್ಕ ಹಾಕುತ್ತಿವೆಯೇ ಎಂದು ಮೊದಲು ನೋಡಿ. ಕೈ ಲೆಕ್ಕದ ಸಪೋರ್ಟು ಕುಗ್ಗುವುದಿಲ್ಲ, ತಿರುಗಲು ಅಡ್ಡಿ ಮಾಡುವುದಿಲ್ಲ. ಸಾಫ್ಟ್‌ವೇರಿನಲ್ಲಿ ನೀವು ಕಾಲಮನ್ನೋ ಇನ್ನೊಂದು ಬೀಮನ್ನೋ ಕೊಟ್ಟಿರುತ್ತೀರಿ.

ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಸೆಲ್ಫ್ ವೇಟ್ (ಬೀಮಿನ ಸ್ವಂತ ತೂಕ) ಎರಡು ಸಲ ಸೇರಿಕೊಳ್ಳುವುದು. 230 × 450 ಮಿಲಿಮೀಟರ್ ಕಾಂಕ್ರೀಟ್ ಬೀಮು ಮೀಟರಿಗೆ 2.6 ಕಿಲೋನ್ಯೂಟನ್ ತೂಗುತ್ತದೆ. 20 ರಲ್ಲಿ ಅದನ್ನು ನೀವೇ ಸೇರಿಸಿದ್ದು, ಸಾಫ್ಟ್‌ವೇರೂ ತಾನಾಗಿ ಸೇರಿಸಿದರೆ ಎಲ್ಲ ರಿಯಾಕ್ಷನ್ನುಗಳೂ ಒಂದೇ ಸಮನೆ 13 ಪ್ರತಿಶತ ಏರುತ್ತವೆ. ಎಲ್ಲವೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ತುದಿಯದು ಏರಿ ನಡುವಿನದು ಇಳಿದಿದ್ದರೆ ತುದಿಯ ಕಾಲಮು ಬೀಮನ್ನು ಹಿಡಿದುಕೊಂಡಿದೆ ಎಂದರ್ಥ. ನಮ್ಮ ಬೀಮಿನ ಎ ತುದಿಯನ್ನು ಪೂರ್ತಿ ಫಿಕ್ಸ್ ಮಾಡಿದರೆ ರಿಯಾಕ್ಷನ್ನುಗಳು 62.35, 110.29, 27.35 ಆಗುತ್ತವೆ. ನಿಜವಾದ ಕಾಲಮು ಪೂರ್ತಿ ಹಿಂಜೂ ಅಲ್ಲ, ಪೂರ್ತಿ ಫಿಕ್ಸೂ ಅಲ್ಲ. ಹಾಗಾಗಿ ಎ ರಿಯಾಕ್ಷನ್ 48 ಮತ್ತು 62 ರ ನಡುವೆ ಎಲ್ಲೋ ಬಂದರೆ ಗಾಬರಿ ಬೇಡ. ಆ ಮಿತಿಯ ಹೊರಗೆ ಹೋದರೆ ಮಾಡೆಲ್ ತೆರೆದು ನೋಡಿ.

ನಡುವಿನ ಸಪೋರ್ಟು ಕಾಲಮಲ್ಲ, ಅಡ್ಡ ಬೀಮು ಎಂದಾಗ ವಿಷಯ ಗಂಭೀರವಾಗುತ್ತದೆ. ಎರಡು 5 ಮೀಟರ್ ಸ್ಪ್ಯಾನಿನ ಸ್ಟೀಲ್ ಬೀಮು, ಮೀಟರಿಗೆ 20 ಕಿಲೋನ್ಯೂಟನ್, ನಡುವೆ ಅದೇ ಸೆಕ್ಷನ್ನಿನ 5 ಮೀಟರ್ ಉದ್ದದ ಅಡ್ಡ ಬೀಮಿನ ಮಧ್ಯಭಾಗ ಎಂದುಕೊಳ್ಳಿ. ಕುಗ್ಗದ ಸಪೋರ್ಟಾದರೆ ನಡುವಿನ ರಿಯಾಕ್ಷನ್ 125. ಅಡ್ಡ ಬೀಮು ಬಗ್ಗುವುದನ್ನು ಲೆಕ್ಕಕ್ಕೆ ತಂದರೆ 125 ÷ 1.125 = 111.1, ಬರೀ 11 ಪ್ರತಿಶತ ಇಳಿಕೆ. ಆದರೆ ಅದೇ ಜಾಗದ ಹಾಗಿಂಗ್ ಮೊಮೆಂಟ್ 62.5 ರಿಂದ 27.8 ಕ್ಕೆ ಕುಸಿಯುತ್ತದೆ, ಸ್ಪ್ಯಾನಿನ ಸ್ಯಾಗಿಂಗ್ (ಕೆಳಕ್ಕೆ ಜೋಲಿಸುವ) ಮೊಮೆಂಟ್ 35.2 ರಿಂದ 49.4 ಕ್ಕೆ ಏರುತ್ತದೆ. ರಿಯಾಕ್ಷನ್ ಹತ್ತಿರಹತ್ತಿರ ಬಂತು ಎಂದು ಸಮಾಧಾನಪಟ್ಟುಕೊಂಡವರು ಸ್ಪ್ಯಾನಿನ ಮೊಮೆಂಟಿನಲ್ಲಿ ಸುಮಾರು 29 ಪ್ರತಿಶತ ಕಡಿಮೆ ಹಿಡಿದಿರುತ್ತಾರೆ. ಸೆಕ್ಷನ್ನುಗಳು ಬೇರೆ ಇದ್ದರೆ 125 ನ್ನು ಭಾಗಿಸುವ ಸಂಖ್ಯೆ ಹೀಗೆ: ಮುಖ್ಯ ಬೀಮಿನ 6 × ಇಐ ÷ ಸ್ಪ್ಯಾನಿನ ಘನವನ್ನು ಅಡ್ಡ ಬೀಮಿನ ಸ್ಟಿಫ್‌ನೆಸ್ಸಿನಿಂದ ಭಾಗಿಸಿ, 1 ಕೂಡಿಸಿ. ಇಐ ಎಂದರೆ ಎಲಾಸ್ಟಿಕ್ ಮಾಡ್ಯುಲಸ್ ಗುಣಿಸು ಮೊಮೆಂಟ್ ಆಫ್ ಇನರ್ಷಿಯಾ.

ತಾಳೆ ನೋಡುವ ಕ್ರಮವೂ ಮುಖ್ಯ. ಸಾಫ್ಟ್‌ವೇರಿನಲ್ಲಿ ಮೊದಲು ಪಿನ್ ಮತ್ತು ರೋಲರ್ ಸಪೋರ್ಟು ಕೊಟ್ಟು, ಸೆಲ್ಫ್ ವೇಟ್ ತೆಗೆದು ಓಡಿಸಿ. 48.33, 129.17, 22.5 ಬರಬೇಕು. ಬಂದ ಮೇಲೆ ಕಾಲಮು, ಅಡ್ಡ ಬೀಮು, ಸೆಲ್ಫ್ ವೇಟ್ ಒಂದೊಂದಾಗಿ ಸೇರಿಸುತ್ತ ಸಂಖ್ಯೆ ಎಲ್ಲಿ ಬದಲಾಯಿತು ಎಂದು ಗುರುತಿಸಿ.

ಪ್ರಶ್ನೆ: ನಡುವಿನ ಫುಟಿಂಗ್ 10 ಮಿಲಿಮೀಟರ್ ಕುಸಿದರೆ ರಿಯಾಕ್ಷನ್ ಎಷ್ಟು ಬದಲಾಗುತ್ತದೆ?

ಉತ್ತರ: ಅದು ಬೀಮಿನ ಬಿಗಿತಕ್ಕೆ ಬಿಟ್ಟದ್ದು. ಮೇಲಿನ ಎರಡು 5 ಮೀಟರ್ ಸ್ಪ್ಯಾನಿನ ಸ್ಟೀಲ್ ಬೀಮಿನ ಇಐ 16,000 ಕಿಲೋನ್ಯೂಟನ್-ಚದರ ಮೀಟರ್ ಇದ್ದರೆ ಇಳಿಕೆ 6 × 16,000 × 0.01 ÷ 125 = 7.68 ಕಿಲೋನ್ಯೂಟನ್. ನಡುವಿನದು 125 ರಿಂದ 117.3, ತುದಿಗಳು 37.5 ರಿಂದ 41.3. ಮೊಮೆಂಟಿನಲ್ಲಿ ಮತ್ತೆ ದೊಡ್ಡ ಬದಲಾವಣೆ: 62.5 ರಿಂದ 43.3. ಇನ್ನಷ್ಟು ದಪ್ಪ ಬೀಮು ಹಾಕಿದರೆ ಸುರಕ್ಷಿತ ಎಂದು ಹಲವರು ಎಣಿಸುತ್ತಾರೆ. ಕುಸಿತದ ವಿಷಯದಲ್ಲಿ ಅದು ಉಲ್ಟಾ, ಇಐ ಎರಡು ಪಟ್ಟಾದರೆ ಈ ಬದಲಾವಣೆಯೂ ಎರಡು ಪಟ್ಟು. ಎಲ್ಲ ಸಪೋರ್ಟುಗಳೂ ಒಂದೇ ಸಮ ಕುಸಿದರೆ ಏನೂ ಆಗುವುದಿಲ್ಲ, ಲೆಕ್ಕಕ್ಕೆ ಬರುವುದು ವ್ಯತ್ಯಾಸದ ಕುಸಿತ ಮಾತ್ರ.

ಪ್ರಶ್ನೆ: ಪಾಯಿಂಟ್ ಲೋಡ್ ಇದ್ದಾಗ ಮೂರು ಮೊಮೆಂಟುಗಳ ಸಮೀಕರಣದಲ್ಲಿ ದೂರವನ್ನು ಯಾವ ಕಡೆಯಿಂದ ಅಳೆಯಬೇಕು?

ಉತ್ತರ: ಯಾವ ಸಪೋರ್ಟಿಗೆ ಸಮೀಕರಣ ಬರೆಯುತ್ತಿದ್ದೀರೋ ಅದರಿಂದ ಅಲ್ಲ, ಆ ಸ್ಪ್ಯಾನಿನ ಆಚೆ ತುದಿಯಿಂದ. ಎ ಯಿಂದ 2 ಮೀಟರ್ ದೂರದಲ್ಲಿ 30 ಕಿಲೋನ್ಯೂಟನ್ ಇದ್ದರೆ ಸೇರಿಸಬೇಕಾದದ್ದು 30 × 2 × (36 − 4) ÷ 6 = 320. ಬಿ ಯಿಂದ ಅಳೆದು 4 ಹಾಕಿದರೆ 400 ಬರುತ್ತದೆ, ಕಾಲು ಪಾಲು ತಪ್ಪು. ಭಾರ ಸ್ಪ್ಯಾನಿನ ಮಧ್ಯದಲ್ಲಿದ್ದರೆ ಎರಡೂ ಒಂದೇ ಆದ್ದರಿಂದ ಅಂಥ ಉದಾಹರಣೆ ಮಾತ್ರ ಮಾಡಿದವರಿಗೆ ಈ ತಪ್ಪು ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಸಿ ಯಿಂದಾಚೆ 1 ಮೀಟರ್ ಚಾಚಿದ ಭಾಗ ಇದ್ದರೆ?

ಉತ್ತರ: ಸಿ ಮೊಮೆಂಟ್ ಆಗ ಸೊನ್ನೆಯಲ್ಲ, 20 × 1 ÷ 2 = 10. ಅದು ಮೊದಲೇ ಗೊತ್ತಿರುವುದರಿಂದ ಹೊಸ ಅಜ್ಞಾತ ಸೇರುವುದಿಲ್ಲ. ಸಮೀಕರಣದಲ್ಲಿ 1400 ರಿಂದ 4 × 10 ಕಳೆದು 20 ರಿಂದ ಭಾಗಿಸಿದರೆ ಬಿ ಮೊಮೆಂಟ್ 68. ರಿಯಾಕ್ಷನ್ನುಗಳು 48.67, 125.83, 45.5. ಸಿ ನಲ್ಲಿ ಸ್ಪ್ಯಾನಿನ ಕಡೆಯಿಂದ 25.5, ಚಾಚಿದ ಭಾಗದಿಂದ 20. ಈ 20 ಅನ್ನು ಕೂಡಿಸಲು ಮರೆಯುವವರೇ ಹೆಚ್ಚು.

ಪ್ರಶ್ನೆ: ಬಿ ರಿಯಾಕ್ಷನ್ 129 ಬಂತು. ಬೀಮಿನ ರಿಂಗುಗಳನ್ನು 129 ಕ್ಕೆ ಡಿಸೈನ್ ಮಾಡಬೇಕೇ? ಫುಟಿಂಗಿಗೆ ಫ್ಯಾಕ್ಟರ್ ಹಾಕಿದ ರಿಯಾಕ್ಷನ್ ಕೊಡಬೇಕೇ?

ಉತ್ತರ: ರಿಂಗುಗಳಿಗೆ 129 ಅಲ್ಲ. ಬೀಮಿನ ಶಿಯರ್ (ಬೀಮನ್ನು ಅಡ್ಡಲಾಗಿ ಕತ್ತರಿಸಲು ನೋಡುವ ಬಲ) ಬಿ ಯ ಎಡಕ್ಕೆ 71.67, ಬಲಕ್ಕೆ 57.5, ಎರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು. ಇವೆರಡೂ ಕೂಡಿ ಇಳಿಯುವುದು ಕಾಲಮಿಗೆ. ಶಿಯರಿಗೆ ಡಿಸೈನ್ ಮಾಡುವಾಗ ಈ ಸಂಖ್ಯೆಗಳಿಗೆ ಲೋಡ್ ಫ್ಯಾಕ್ಟರ್ ಹಾಕಿಕೊಳ್ಳಿ.

ಫುಟಿಂಗಿಗೆ ಎರಡೂ ಬೇಕು. ಮಣ್ಣಿನ ವರದಿಯಲ್ಲಿ ಕೊಟ್ಟಿರುವುದು ಸುರಕ್ಷಿತ ಒತ್ತಡವಾದರೆ ಅದರಲ್ಲೇ ಸುರಕ್ಷತೆಯ ಪಾಲು ಸೇರಿರುತ್ತದೆ, ಹಾಗಾಗಿ ಫುಟಿಂಗಿನ ಉದ್ದ ಅಗಲವನ್ನು ಫ್ಯಾಕ್ಟರ್ ಹಾಕದ ರಿಯಾಕ್ಷನ್ನಿನಿಂದ ತೆಗೆಯಿರಿ. ಅದರ ದಪ್ಪ ಮತ್ತು ಕಂಬಿಯನ್ನು ಫ್ಯಾಕ್ಟರ್ ಹಾಕಿದ್ದರಿಂದ. ಈ ಕಾರಣಕ್ಕೇ ರಿಯಾಕ್ಷನ್ ಪಟ್ಟಿಯಲ್ಲಿ ಡೆಡ್ ಲೋಡಿನದು ಒಂದು ಲಂಬಸಾಲು, ಪ್ರತಿ ಲೈವ್ ಲೋಡ್ ಜೋಡಣೆಯದು ಒಂದೊಂದು ಲಂಬಸಾಲು ಎಂದು ಬಿಡಿಯಾಗಿಯೇ ಬರೆದಿಡಿ. ಒಮ್ಮೆ ಫ್ಯಾಕ್ಟರ್ ಹಾಕಿ ಕೂಡಿಸಿದ ಸಂಖ್ಯೆಯನ್ನು ಮಾತ್ರ ಉಳಿಸಿಕೊಂಡರೆ ಅದರಿಂದ ಡೆಡ್ ಎಷ್ಟು, ಲೈವ್ ಎಷ್ಟು ಎಂದು ಮತ್ತೆ ಬಿಡಿಸಲು ಬರುವುದಿಲ್ಲ. ಫುಟಿಂಗಿನ ಲೆಕ್ಕ ಮಾಡುವವರಿಗೆ ಕಳುಹಿಸುವ ಹಾಳೆಯಲ್ಲಿ ಸಂಖ್ಯೆಯ ಪಕ್ಕ ಫ್ಯಾಕ್ಟರ್ ಹಾಕಿದ್ದೋ ಹಾಕದ್ದೋ ಎಂದು ಬರೆದೇ ಕಳುಹಿಸಿ.